ಗಂಜಿಯಕ್ಕನ ಹೆಸರಿಗೆ ಬಂದ ತೊಟ್ಟಿಲ ದುಡ್ಡು

ಆಸ್ಪತ್ರೆಗಳ ಹಾಸುಬಟ್ಟೆ ಒಗೆಯುವ ಆ ಕಾರ್ಖಾನೆಯಲ್ಲಿ ಗಂಜಿಯಕ್ಕ ಎಲ್ಲಿ ಎಂದು ಕೇಳಿದರೆ ಗೇಟಿನ ಕಾವಲುಗಾರನಿಂದ ಹಿಡಿದು ಬಾಯ್ಲರಿನವನ ತನಕ ಯಾರು ಬೇಕಾದರೂ ಕೈ ತೋರಿಸುತ್ತಿದ್ದರು. ಗಂಜಿ ಹಾಕಿ ಒಣಗಿಸಿದ ಬಟ್ಟೆಯ ಹಾಗೆ ಅವಳ ಬೆನ್ನು ನೆಟ್ಟಗೆ, ಮಾತು ಅದಕ್ಕಿಂತ ನೆಟ್ಟಗೆ. ಹೆತ್ತವರು ಇಟ್ಟ ಹೆಸರು ಒಂದಿತ್ತು. ಬೆಳಿಗ್ಗೆ ಮೇಸ್ತ್ರಿ ಹಾಜರಿ ಕೂಗುವಾಗ ಬಿಟ್ಟರೆ ಅದು ಯಾರ ಬಾಯಿಗೂ ಬರುತ್ತಿರಲಿಲ್ಲ.

ಅಲ್ಲಿಗೆ ಬರುವ ಬಟ್ಟೆಯ ಸುದ್ದಿ ಊಟದ ಹೊತ್ತಿನಲ್ಲಿ ಹೇಳುವಂಥದ್ದಲ್ಲ. ರಕ್ತ, ಕೀವು, ವಾಂತಿ, ಹೆರಿಗೆಯ ನೀರು, ಸತ್ತವರ ಕೊನೆಯ ಕೊಳೆ, ಎಲ್ಲವೂ ಗಂಟು ಗಂಟಾಗಿ ವ್ಯಾನಿನಿಂದ ಬಂದು ಬೀಳುತ್ತಿತ್ತು. ದೊಡ್ಡ ಡ್ರಮ್ಮುಗಳಲ್ಲಿ ಕುದಿದು, ಹಿಂಡುವ ಯಂತ್ರದಲ್ಲಿ ಹಿಂಡಿಸಿಕೊಂಡು, ಹಾಸುಬಟ್ಟೆ ಕೊನೆಗೆ ಬರುವುದು ಬಿಸಿ ರೋಲರಿಗೆ. ರೋಲರಿನ ಮುಂದೆ ಇಬ್ಬರು ಹೆಂಗಸರು ಎರಡು ಮೂಲೆ ಹಿಡಿದು ಬಟ್ಟೆಯನ್ನು ಒಳಗೆ ಉಣಿಸಬೇಕು, ಹಿಂದೆ ಇಬ್ಬರು ಹಿಡಿದು ಮಡಿಸಬೇಕು. ಗಂಜಿಯಕ್ಕ ಉಣಿಸುವವಳು. ಆ ಜಾಗದಲ್ಲಿ ವರ್ಷಗಟ್ಟಲೆ ನಿಂತವರ ಹೆಬ್ಬೆರಳು ಸುಟ್ಟು ಸುಟ್ಟು ನುಣ್ಣಗಾಗಿ ಗೆರೆಗಳೇ ಅಳಿಸಿಹೋಗುತ್ತವೆ. ಬ್ಯಾಂಕಿನಲ್ಲಿ ಬೆರಳಿಡುವ ಯಂತ್ರ ಅವರನ್ನು ಒಪ್ಪದೆ ಕುಂಯ್ ಎನ್ನುತ್ತದೆ. “ಯಂತ್ರದ ಲೆಕ್ಕದಲ್ಲಿ ನಾವಿನ್ನೂ ಹುಟ್ಟೇ ಇಲ್ಲ” ಎಂದು ಹೆಂಗಸರು ನಗುತ್ತಿದ್ದರು.

ಗಂಜಿಯಕ್ಕನ ಗಂಡ, ಇವಳು ಹೆರಲಿಲ್ಲ ಎಂಬ ಕಾರಣ ಹೇಳಿ ಮದುವೆಯಾದ ಕೆಲವೇ ವರ್ಷಕ್ಕೆ ಮನೆ ಬಿಟ್ಟು ಹೋಗಿದ್ದ. ಇನ್ನೊಬ್ಬಳ ಜೊತೆ ಸಂಸಾರ ಹೂಡಿದ. ಅಲ್ಲಿಯೂ ಮಕ್ಕಳಾಗಲಿಲ್ಲ ಎಂಬ ಸುದ್ದಿಯನ್ನು ಯಾರೋ ತುಂಬ ಖುಷಿಯಿಂದ ತಂದು ಹೇಳಿದಾಗ ಅವಳು, “ಪಾಪ, ಅವಳನ್ನಾದರೂ ಸರಿಯಾಗಿ ನೋಡ್ಕೋತಾನಾ ಕೇಳಿ ಬಾ” ಎಂದು ಬಕೆಟ್ಟು ಎತ್ತಿಕೊಂಡು ಒಳಗೆ ಹೋಗಿದ್ದಳು. ಅಳಲಿಲ್ಲ ಎಂದಲ್ಲ. ಅಳುವುದನ್ನು ಬೇರೆಯವರಿಗೆ ತೋರಿಸುವ ಅಭ್ಯಾಸ ಅವಳಿಗಿರಲಿಲ್ಲ. ಅಷ್ಟಕ್ಕೂ ಮನೆಯಲ್ಲಿ ಒಂದು ಮಗು ಇದ್ದೇ ಇತ್ತು, ಅವಳ ತಂಗಿ. ತಾಯಿ ಸತ್ತಾಗ ಆ ಹುಡುಗಿಗೆ ಜಡೆ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಮೂಗು ಒರೆಸಿದ್ದು, ಶಾಲೆಗೆ ಅಟ್ಟಿದ್ದು, ಬೆಳೆದ ಮೇಲೆ ಹುಡುಗನನ್ನು ನೋಡಿ ಮದುವೆ ಮಾಡಿದ್ದು ಎಲ್ಲ ಗಂಜಿಯಕ್ಕನೇ. ಹುಡುಗ ಗೋಡೆಗೆ ಬಣ್ಣ ಹೊಡೆಯುವವನು. ಉದ್ದಕ್ಕೆ ಇದ್ದುದರಿಂದಲೂ ಏಣಿಯ ಮೇಲೇ ಬದುಕು ಕಳೆಯುತ್ತಿದ್ದುದರಿಂದಲೂ ಬೀದಿಯವರು ಅವನನ್ನು ಏಣಿ ಎಂದೇ ಕರೆಯುತ್ತಿದ್ದರು. ಮೂವರೂ ಒಂದೇ ಮನೆ, ಎರಡು ಕೋಣೆ.

ಆ ಕಾರ್ಖಾನೆಯಲ್ಲಿ ಒಂದು ಪದ್ಧತಿ ಇತ್ತು. ಬರೆದಿಟ್ಟ ನಿಯಮವಲ್ಲ, ಎಲ್ಲರಿಗೂ ಗೊತ್ತಿದ್ದು ಯಾರೂ ಬಾಯಿ ಬಿಡದ ಪದ್ಧತಿ. ಖಾಯಂ ಕಾರ್ಡು ಸಿಗುವುದು ಕಷ್ಟ. ಸಿಕ್ಕ ಕಾರ್ಡಿನ ಕೆಲಸವನ್ನು ಒಂದೇ ಮೈ ಪೂರ್ತಿ ಎಳೆಯುವುದು ಇನ್ನೂ ಕಷ್ಟ. ಹಾಗಾಗಿ ಒಂದು ಕಾರ್ಡಿಗೆ ಇಬ್ಬರು. ಅತ್ತೆ ಬಾರದ ದಿನ ಸೊಸೆ, ತಾಯಿ ಬಾರದ ದಿನ ಮಗಳು. ನೀಲಿ ಅಂಗಿ ತೊಟ್ಟು ಕಾರ್ಡು ಕುತ್ತಿಗೆಗೆ ಹಾಕಿಕೊಂಡವಳು ಯಾರೇ ಆಗಿರಲಿ, ಗೇಟಿನೊಳಗೆ ಕಾರ್ಡಿನ ಹೆಸರಿಗೇ ಓಗೊಡಬೇಕು. ಮೇಸ್ತ್ರಿಗೂ ಗೊತ್ತಿತ್ತು. ದಣಿದ ಒಂದು ಎತ್ತಿಗಿಂತ ದಣಿಯದ ಎರಡು ಕರುಗಳು ಮೇಲು ಎಂದು ಅವನ ಲೆಕ್ಕ. ಗಂಜಿಯಕ್ಕನ ಎದೆಯೊಳಗೆ ಹಬೆ ಸೇರಿ ಕೆಮ್ಮು ಬೇರೂರಿದ ಮೇಲೆ ತಂಗಿಯೂ ಆ ಕಾರ್ಡಿನೊಳಗೆ ಬಂದಳು. ವಾರದಲ್ಲಿ ಅರ್ಧ ಇವಳು, ಅರ್ಧ ಅವಳು. ಮುಖದ ಹೋಲಿಕೆ ಇತ್ತು, ಕಾರ್ಡಿನ ಚಿತ್ರ ಹೇಗೂ ಹಬೆಗೆ ಮಾಸಿಹೋಗಿತ್ತು. ಅಕ್ಕನ ಹೆಸರು ಕೂಗಿದರೆ ತಂಗಿ ತಲೆ ಎತ್ತುವುದು ಉಸಿರಾಟದಷ್ಟು ಸಲೀಸಾಯಿತು. ಒಂದೇ ರೋಲರಿನ ಮುಂದೆ ಇಬ್ಬರೂ ಒಟ್ಟಿಗೆ ನಿಲ್ಲುವ ಭಾಗ್ಯ ಮಾತ್ರ ಯಾವತ್ತೂ ಬರಲಿಲ್ಲ.

ಈಗ ತೊಟ್ಟಿಲ ದುಡ್ಡಿನ ವಿಷಯ. ಕೂಸು ಹುಟ್ಟಿದ ಮನೆಗೆ ಸರ್ಕಾರ ಕೊಡುವ ಹಣಕ್ಕೆ ಕಾಗದದ ಮೇಲೆ ಉಸಿರು ಕಟ್ಟುವಷ್ಟು ಉದ್ದನೆಯ ಹೆಸರಿದೆ. ಜನ ಅದನ್ನು ತೊಟ್ಟಿಲ ದುಡ್ಡು ಎಂದರು. ಅದು ಯಾರೋ ಪುಣ್ಯಾತ್ಮರು ಕನಸು ಕಂಡು ಕೊಟ್ಟದ್ದಲ್ಲ. ಹೆತ್ತ ವಾರಕ್ಕೇ ರೋಲರಿಗೆ ಮರಳಿದ ಒಬ್ಬಳು ನೆಲಕ್ಕೆ ಬಿದ್ದು ಏಳದೇ ಹೋದ ಮೇಲೆ, ಒಗೆಯುವ ಹೆಂಗಸರು, ಕಸ ಗುಡಿಸುವವರು, ಇಟ್ಟಿಗೆ ಹೊರುವವರು ಎಲ್ಲ ಸೇರಿ ಸರ್ಕಾರಿ ಕಚೇರಿಯ ಮುಂದಿನ ರಸ್ತೆಯಲ್ಲಿ ಕೂತು ಕಿತ್ತುಕೊಂಡದ್ದು. ಮೊದಲು ಸರ್ಕಾರ, ಆಯಿತು, ದುಡ್ಡನ್ನು ಮನೆಯ ಯಜಮಾನನ ಖಾತೆಗೆ ಹಾಕುತ್ತೇವೆ ಎಂದಿತು. ಹೆಂಗಸರು ಏಳಲಿಲ್ಲ. ಆ ದಿನ ಮೈಕು ಹಿಡಿದವಳು ಗಂಜಿಯಕ್ಕ.

“ನೋವು ತಿಂದವಳ ಕೈಗೇ ಕೊಡಿ. ನೋವಿಗೆ ಏಜೆಂಟ್ ಬೇಕಾಗಿಲ್ಲ.”

ಪೊಲೀಸಿನವನೊಬ್ಬ ಅವಳನ್ನು ಎಬ್ಬಿಸಲು ಬಂದು, “ನಿನಗೆಷ್ಟು ಮಕ್ಕಳಮ್ಮ?” ಎಂದು ಕೇಳಿದ.

“ಒಂದೂ ಇಲ್ಲ.”

“ಮತ್ತೆ ನಿನಗ್ಯಾಕೆ ಈ ಉಸಾಬರಿ?”

“ನಿನ್ನನ್ನ ಹೆತ್ತವಳು ಒಬ್ಬಳು ಇದ್ದಾಳಲ್ಲ, ಅವಳ ಪರವಾಗಿ ಕೂತಿದ್ದೀನಿ. ಮನೆಗೆ ಹೋದಾಗ ಹೇಳು.”

ಕೊನೆಗೆ ಸರ್ಕಾರ ಮಣಿಯಿತು. ಹಣ ಹೆತ್ತವಳ ಖಾತೆಗೆ. ಮೊದಲ ಕಂತು ಹೆರಿಗೆಯಾದ ಕೂಡಲೇ. ಎರಡನೆಯದು, ಹೆತ್ತವಳೇ ಕೂಸನ್ನು ಎತ್ತಿಕೊಂಡು ಆರೋಗ್ಯ ಕೇಂದ್ರಕ್ಕೆ ಬಂದು ಚುಚ್ಚುಮದ್ದು ಹಾಕಿಸಿ ಬೆರಳು ಒತ್ತಿದ ಮೇಲೆ. ಗಂಡಂದಿರೋ ಮಾವಂದಿರೋ ಬಂದು ಹಣ ಬಿಡಿಸಿಕೊಂಡು ಹೆಂಡದಂಗಡಿಗೆ ಹೋಗಬಾರದು ಎಂದು ಹೆಂಗಸರೇ ಹಟ ಹಿಡಿದು ಸೇರಿಸಿದ ಷರತ್ತು ಅದು. ಆ ಷರತ್ತು ತನ್ನ ಕೊರಳಿಗೇ ಬಂದು ಬೀಳುತ್ತದೆ ಎಂದು ಗಂಜಿಯಕ್ಕ ಅವತ್ತು ಎಣಿಸಿರಲಿಲ್ಲ.

ತಂಗಿ ಬಸುರಿಯಾದಳು. ಹೊಟ್ಟೆ ಅಂಗಿಯೊಳಗೆ ಅಡಗದ ಹಾಗಾದ ಮೇಲೆ ಗಂಜಿಯಕ್ಕ ಅವಳನ್ನು ಮನೆಯಲ್ಲಿ ಕೂರಿಸಿ ಪೂರ್ತಿ ವಾರ ತಾನೇ ಎಳೆದಳು. ಒಂದು ಬೆಳಿಗ್ಗೆ ಜ್ವರ, ಕೆಮ್ಮು, ಎದ್ದರೆ ಕಣ್ಣು ಕತ್ತಲೆ. ಹೇಳದೆ ತಪ್ಪಿಸಿದರೆ ಕಾರ್ಡಿಗೆ ಕಪ್ಪು ಗುರುತು. ತಂಗಿ ನೀಲಿ ಅಂಗಿಯನ್ನು ಗುಂಡಿ ಹಾಕದೆ ಹಾಗೇ ಹೊದ್ದುಕೊಂಡು ನಿಂತಳು.

“ಒಂದು ದಿನ ತಾನೇ ಅಕ್ಕ. ಹಿಂದುಗಡೆ ಮಡಿಸೋ ಕಡೆ ನಿಲ್ತೀನಿ, ಬಿಸಿ ತಾಗಲ್ಲ.”

“ಹೋಗು” ಎಂದಳು ಗಂಜಿಯಕ್ಕ. ಬೇಡ ಎನ್ನಬಹುದಾಗಿತ್ತು.

ಮಧ್ಯಾಹ್ನದೊಳಗೆ ಮಡಿಸುವ ಮೇಜಿನ ಬಳಿ ತಂಗಿಯ ನೀರು ಒಡೆಯಿತು. ಹೆಂಗಸರು ಅವಳನ್ನು ಬಟ್ಟೆಯ ವ್ಯಾನಿನಲ್ಲೇ ಗಂಟುಗಳ ಮೇಲೆ ಮಲಗಿಸಿ ಆಸ್ಪತ್ರೆಗೆ ಒಯ್ದರು. ದಾರಿಯುದ್ದಕ್ಕೂ ಕಾರ್ಡಿನ ಹೆಸರು ಹಿಡಿದೇ ಧೈರ್ಯ ಹೇಳಿದರು. ಅಂಗಿ ಮೈಮೇಲಿತ್ತು, ಅವರ ನಾಲಿಗೆಗೆ ಬೇರೆ ಹೆಸರು ಹೊಳೆಯಲೇ ಇಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಕುತ್ತಿಗೆಯ ಕಾರ್ಡು ಬಿಚ್ಚಿ ಕೊಟ್ಟರು. ಕಾರ್ಡು ಕೊಟ್ಟರೆ ಹೆರಿಗೆ ಬಿಟ್ಟಿ. ನರ್ಸು ಹೆಸರೇನಮ್ಮ ಎಂದು ಕೇಳಿದಾಗ ತಂಗಿ ಹಲ್ಲು ಕಚ್ಚಿಕೊಂಡು ಹೇಳಿದ್ದೂ ಅಕ್ಕನ ಹೆಸರನ್ನೇ. ಯಾರನ್ನೂ ಮೋಸ ಮಾಡುವ ಹುನ್ನಾರ ಅದರಲ್ಲಿರಲಿಲ್ಲ. ವರ್ಷಾನುಗಟ್ಟಲೆ ಆ ಅಂಗಿಯೊಳಗಿನಿಂದ ಯಾರು ಏನು ಕೇಳಿದರೂ ಅವಳು ಕೊಟ್ಟ ಉತ್ತರ ಅದೊಂದೇ.

ಗಂಜಿಯಕ್ಕ ಜ್ವರದಲ್ಲೇ ಓಡಿಬರುವಷ್ಟರಲ್ಲಿ ಹೆಣ್ಣು ಕೂಸು ಹುಟ್ಟಿ, ಒರೆಸಿಸಿಕೊಂಡು, ಹಾಸುಬಟ್ಟೆಯ ತುಂಡಿನಲ್ಲಿ ಸುತ್ತಿಸಿಕೊಂಡು ಮಲಗಿತ್ತು. ಕೂಸಿನ ಮಣಿಕಟ್ಟಿಗೆ ಒಂದು ಪಟ್ಟಿ, ಅದರ ಮೇಲೆ ತಾಯಿಯ ಹೆಸರು.

“ಏನೇ ಇದು?”

ತಂಗಿ ಆಗಲೇ ನೋಡಿಕೊಂಡಿದ್ದಳು. “ಬಾಯಿಗೆ ಬಂದುಬಿಡ್ತು ಅಕ್ಕ.”

“ನನ್ನ ಹೆಸರಲ್ಲಿ ಹೆತ್ತೆಯೇನೇ, ಕತ್ತೆ?”

ಇಬ್ಬರೂ ನಕ್ಕರು. ಆಮೇಲೆ ನಗು ನಿಂತಿತು.

ಬಾಯಿ ಬಿಟ್ಟು ಸರಿಪಡಿಸಿಕೊಳ್ಳೋಣವೆಂದರೆ ಕಾರ್ಡಿನ ಗುಟ್ಟು ಹೊರಬೀಳುತ್ತದೆ. ನಾಳೆ ನೋಡೋಣ, ನಾಡಿದ್ದು ನೋಡೋಣ ಎನ್ನುತ್ತಿರುವಾಗ ಆಸ್ಪತ್ರೆಯ ದಾಖಲೆ ತಾನಾಗಿ ಸರ್ಕಾರದ ಕಚೇರಿಗೆ ಹೋಯಿತು. ಗಂಜಿಯಕ್ಕ ರೋಲರಿನ ಮುಂದೆ ನಿಂತಿದ್ದಾಗ ಜೇಬಿನ ಫೋನು ನಡುಗಿತು. ಊಟದ ಬಿಡುವಿನಲ್ಲಿ ತೆಗೆದು ನೋಡಿದಳು. ತಾಯಿಯಾದ ನಿಮಗೆ ಅಭಿನಂದನೆಗಳು, ಮೊದಲ ಕಂತು ನಿಮ್ಮ ಖಾತೆಗೆ ಜಮೆಯಾಗಿದೆ ಎಂದಿತ್ತು. ಬಾಯ್ಲರಿನ ಹಿಂದಕ್ಕೆ ಹೋಗಿ ನಿಂತು ಮತ್ತೊಮ್ಮೆ ಓದಿದಳು. ಎದೆಯೊಳಗೆ ಏನೋ ಬೆಚ್ಚಗೆ ಹರಿಯಿತು. ಹರಿದ ಮರುಕ್ಷಣ ತನ್ನ ಮೇಲೇ ಅಸಹ್ಯವಾಗಿ ಫೋನನ್ನು ಜೇಬಿಗೆ ತುರುಕಿದಳು. ಅಳಿಸಬಹುದಿತ್ತು. ಅಳಿಸಲಿಲ್ಲ.

ಬಂದ ಹಣವನ್ನು ಅದೇ ಸಂಜೆ ತೆಗೆದು ತಂಗಿಯ ದಿಂಬಿನ ಕೆಳಗೆ ಇಟ್ಟಳು. ಏಣಿ ಗೋಡೆಗೆ ಒರಗಿ ಕೂತು ಕಾಲು ಚಾಚಿದ್ದ. ಅವನ ಕಾಲು ಚಾಚಿದರೆ ಕೋಣೆ ಮುಗಿಯುತ್ತಿತ್ತು.

“ಅಷ್ಟೇ ಅಲ್ವಾ ಅಕ್ಕ. ಹೆಸರು ಯಾವುದಾದರೇನು, ದುಡ್ಡು ಮನೆಗೇ ಬಂತು. ಗೋಡೆ ಒಂದೇ, ಮೇಲಿನ ಬಣ್ಣ ಯಾವುದಾದರೇನು.”

“ಬಣ್ಣ ಯಾವುದಾದರೂ ಪರವಾಗಿಲ್ಲ ಅನ್ನೋ ಬಣ್ಣದವನನ್ನ ಇವತ್ತೇ ನೋಡಿದ್ದು” ಎಂದಳು ಗಂಜಿಯಕ್ಕ.

ತಂಗಿ ಕೂಸಿಗೆ ಹಾಲು ಕೊಡುತ್ತಿದ್ದಳು. ಮಣಿಕಟ್ಟಿನ ಪಟ್ಟಿಯನ್ನು ಅವಳು ಮನೆಗೆ ಬಂದ ದಿನವೇ ಕತ್ತರಿಸಿ ಬಿಸಾಕಿದ್ದಳು. ಅದನ್ನು ಗಂಜಿಯಕ್ಕ ನೋಡಿದ್ದಳು.

ಚುಚ್ಚುಮದ್ದಿನ ದಿನ ಬಂತು. ಹೆಸರಿದ್ದವಳೇ ಕೂಸನ್ನು ಒಳಗೆ ಒಯ್ಯಬೇಕು. ಇಬ್ಬರೂ ಹೋದರು. ಆರೋಗ್ಯ ಕೇಂದ್ರದ ಹೊರಗೆ ಒಂದು ಅರೆಗೋಡೆ, ಅದರ ಬಳಿ ಕೆಟ್ಟ ನಲ್ಲಿ. ತಂಗಿ ಅಲ್ಲಿ ನಿಂತಳು. ಕೂಸನ್ನು ಕೈಗೆ ಕೊಡುವಾಗ ಅದರ ಟೋಪಿ ಸರಿಮಾಡಿದಳು, ಕಾಲುಚೀಲ ಎಳೆದಳು, ಮತ್ತೆ ಟೋಪಿ ಸರಿಮಾಡಿದಳು.

“ಕೊಡೇ ಸಾಕು, ನಾನೇನು ಪರದೇಶಕ್ಕೆ ಹೋಗ್ತಿಲ್ಲ” ಎಂದು ಗಂಜಿಯಕ್ಕ ಒಳಗೆ ನಡೆದಳು.

ಒಳಗಿನ ದಾದಿ ದಪ್ಪಗಿನ, ದಣಿದ ಹೆಂಗಸು. ಹೆಸರು ಕೂಗಿದಳು. ಗಂಜಿಯಕ್ಕ ಎದ್ದಳು. ದಾದಿ ಅವಳ ನರೆತ ಕೂದಲು ನೋಡಿ, “ತಡವಾದರೂ ಆಯ್ತಲ್ಲ, ತಾಯಿ. ಒಳ್ಳೇದಾಗಲಿ” ಎಂದಳು. ಕುಹಕವಿರಲಿಲ್ಲ. ಅದೇ ಗಂಜಿಯಕ್ಕನನ್ನು ಹೆಚ್ಚು ಚುಚ್ಚಿತು. ಸೂಜಿ ಬಿದ್ದದ್ದೇ ತಡ ಕೂಸು ಊರು ಕೇಳುವಂತೆ ಕಿರುಚಿಕೊಂಡಿತು.

“ಪರದೆ ಹಿಂದೆ ಹೋಗಿ ಹಾಲು ಕೊಡಿ, ಸುಮ್ಮನಾಗುತ್ತೆ. ಆಮೇಲೆ ಬಂದು ಹೆಬ್ಬೆರಳು ಒತ್ತಿ. ಒಂದು ಸಲ ಒತ್ತಿದರೆ ಮುಗೀತು ನೋಡಿ, ತಾಯಿ ಹೆಸರು ಗಟ್ಟಿಯಾಗುತ್ತೆ. ಆಮೇಲೆ ಏನಾದರೂ ಬದಲಾಯಿಸಬೇಕು ಅಂದರೆ ಕೋರ್ಟಿಗೇ ಹೋಗಬೇಕು.”

ಪರದೆಯ ಹಿಂದೆ ಒಂದು ಬೆಂಚು. ಗಂಜಿಯಕ್ಕ ಕೂಸನ್ನು ಎದೆಗೆ ಒತ್ತಿಕೊಂಡು ಕೂತಳು. ಹಸಿದ ಕೂಸಿಗೆ ಕಾಗದ ಪತ್ರ ಗೊತ್ತಿಲ್ಲ. ಅದು ಅಂಗಿಯ ಮೇಲೇ ಮುಖ ಉಜ್ಜಿತು, ಬಾಯಿ ತೆರೆದು ಹುಡುಕಿತು, ಸಿಗದೆ ಮೂಗು ಕೆಂಪಗೆ ಮಾಡಿಕೊಂಡು ಇನ್ನೂ ಜೋರಾಗಿ ಕೂಗಿತು. ಕಿಟಕಿಯ ಕೆಳಗೇ ಆ ಅರೆಗೋಡೆ. ಗಂಜಿಯಕ್ಕ ಬಗ್ಗಿ ನೋಡಿದಳು. ತಂಗಿ ಎರಡೂ ಕೈ ಎದೆಗೆ ಕಟ್ಟಿಕೊಂಡು ಗೋಡೆಗೆ ಹಣೆ ಹಚ್ಚಿ ನಿಂತಿದ್ದಳು. ಕೂಸಿನ ಕೂಗಿಗೆ ಹಾಲು ತಾನಾಗಿ ಇಳಿದು ಅವಳ ಅಂಗಿಯ ಮುಂಭಾಗ ಒದ್ದೆಯಾಗಿತ್ತು. ದಾರಿಹೋಕರು ನೋಡಿಕೊಂಡು ಹೋಗುತ್ತಿದ್ದರು. ಅವಳು ಮುಚ್ಚಿಕೊಳ್ಳಲೂ ಹೋಗಿರಲಿಲ್ಲ.

ಗಂಜಿಯಕ್ಕ ಪರದೆ ಸರಿಸಿ ಹೊರಗೆ ಬಂದಳು.

“ಬೆರಳು?” ಎಂದಳು ದಾದಿ.

“ಇವತ್ತು ಆಗಲ್ಲ. ಸುಟ್ಟಿದೆ.” ಹೆಬ್ಬೆರಳು ತೋರಿಸಿದಳು. ಸುಳ್ಳೇನಲ್ಲ, ಅದು ಎಂದಿನಿಂದಲೂ ಸುಟ್ಟದ್ದೇ.

ದಾದಿ ಬೆರಳನ್ನು ನೋಡಿದಳು, ಬಾಯಾರಿದ ಕೂಸನ್ನು ನೋಡಿದಳು, ಕಿಟಕಿಯ ಕಡೆಗೂ ಒಮ್ಮೆ ನೋಡಿದಳು. “ತಿಂಗಳೊಳಗೆ ಬನ್ನಿ” ಎಂದಷ್ಟೇ ಹೇಳಿ ಮುಂದಿನ ಹೆಸರು ಕೂಗಿದಳು.

ಮನೆಗೆ ಬಂದು, ಕೂಸು ಕುಡಿದು ಮಲಗಿದ ಮೇಲೆ ತಂಗಿ ಕೇಳಿದಳು.

“ಒತ್ತಿದೆಯಾ?”

“ಇಲ್ಲ.”

“ಒತ್ತಿಬಿಡು ಅಕ್ಕ. ಕಾರ್ಡು ಹೋದರೆ ಏನು ಮಾಡ್ತೀಯ? ಈ ಕೆಮ್ಮು ಇಟ್ಕೊಂಡು ಯಾರು ಕೆಲಸ ಕೊಡ್ತಾರೆ ನಿನಗೆ?” ಆಮೇಲೆ ಕೂಸಿನ ಕಡೆ ನೋಡದೆ, ನೆಲ ನೋಡಿಕೊಂಡು ಹೇಳಿದಳು. “ನನ್ನನ್ನ ಸಾಕಿದವಳು ನೀನು. ಇದು ನಿನ್ನ ಹೆಸರಲ್ಲಿದ್ದರೆ ಇರಲಿ. ನಿನಗೇ ಕೊಟ್ಟೆ ಅಂತ ಅಂದ್ಕೋ.”

ಗಂಜಿಯಕ್ಕನಿಗೆ ಆ ಮಾತು ಎಷ್ಟು ಬೇಕಾಗಿತ್ತು ಎಂಬುದು ಅವಳಿಗೊಬ್ಬಳಿಗೇ ಗೊತ್ತು. ಫೋನಿನಲ್ಲಿ ಆ ಅಭಿನಂದನೆ ಇನ್ನೂ ಇತ್ತು. ಹೂಂ ಎಂದರೆ ಸಾಕು, ಕೂಸೂ ಉಳಿಯಿತು, ಕಾರ್ಡೂ ಉಳಿಯಿತು, ಮುಂದಿನ ಕಂತೂ ಬಂತು. ಯಾರ ಗಂಟೂ ಹೋಗುವುದಿಲ್ಲ. ಆದರೆ ನಾಳೆ ಆ ಕೂಸು ಶಾಲೆಗೆ ಸೇರುತ್ತದೆ. ಕಾಗದದಲ್ಲಿ ಹೆತ್ತವಳು ಚಿಕ್ಕಮ್ಮ, ಹೆರದವಳು ಅಮ್ಮ. ಅದು ಕಾಯಿಲೆ ಬಿದ್ದರೆ ಆಸ್ಪತ್ರೆಯಲ್ಲಿ ಸಹಿ ಹಾಕುವವಳು ಒಬ್ಬಳು, ಹೊರಗೆ ಗೋಡೆಗೆ ಹಣೆ ಹಚ್ಚುವವಳು ಇನ್ನೊಬ್ಬಳು. ನೋವು ತಿಂದವಳ ಕೈಗೇ ಕೊಡಿ ಎಂದು ರಸ್ತೆಯಲ್ಲಿ ಬಿಸಿಲಿಗೆ ಕೂತು ಗಂಟಲು ಹರಿದುಕೊಂಡವಳು ತಾನು. ನೋವಿಗೆ ಏಜೆಂಟಾಗಿ ನಿಂತವಳೂ ಈಗ ತಾನೇ.

“ಕೂಸೇನು ಬಳಸಿಬಿಟ್ಟ ಪಾತ್ರೆಯಾ, ಬೇಕಾದವರಿಗೆ ಎತ್ತಿ ಕೊಡೋದಕ್ಕೆ?” ಎಂದಳು. “ಕೊಟ್ಟೆ ಅಂತ ಬಾಯಲ್ಲಿ ಹೇಳ್ತಿದ್ದೀಯ. ಕೈ ನೋಡ್ಕೋ.”

ತಂಗಿ ನೋಡಿಕೊಂಡಳು. ಅವಳ ಕೈ ನಿದ್ದೆಯಲ್ಲಿದ್ದ ಕೂಸಿನ ಕಾಲನ್ನು ಬಿಗಿಯಾಗಿ ಹಿಡಿದುಕೊಂಡಿತ್ತು.

ಏಣಿ ಮಾತ್ರ ಎರಡು ದಿನ ಮುಖ ಊದಿಸಿಕೊಂಡು ತಿರುಗಿದ. “ನಿಮ್ಮ ಸತ್ಯ ಇಟ್ಕೊಂಡು ಬಾಡಿಗೆ ಕಟ್ಟೋಕೆ ಆಗುತ್ತಾ?” ಎಂದ. ಅವನ ಮಾತಿನಲ್ಲಿ ನ್ಯಾಯವಿರಲಿಲ್ಲ ಎನ್ನಲಾಗದು.

ಕಚೇರಿಗೆ ಹೋಗುವ ಮೊದಲು ಕಾರ್ಖಾನೆಯ ಹೆಂಗಸರಿಗೆ ಹೇಳಬೇಕಾಗಿತ್ತು. ಊಟದ ಬಿಡುವಿನಲ್ಲಿ, ಒಗೆದ ಬಟ್ಟೆಯ ಕೋಣೆಯಲ್ಲಿ, ಹಾಸುಗಳ ಅಟ್ಟಿಗಳ ನಡುವೆ ಹೇಳಿದಳು. ತುತ್ತುಗಳು ಕೈಯಲ್ಲೇ ನಿಂತವು. ಗಿರಣಿ ಎಂದು ಹೆಸರಾದ, ಬಾಯಿ ಮುಚ್ಚದ ಹೆಂಗಸೊಬ್ಬಳು ಸೊಸೆಯ ಜೊತೆ ಕಾರ್ಡು ಹಂಚಿಕೊಂಡಿದ್ದಳು. ಮೊದಲು ಎದ್ದವಳು ಅವಳು.

“ನಿನಗೇನಮ್ಮ, ಮೈಕು ಹಿಡಿದವಳು. ನೀನು ಅಲ್ಲಿ ಹೋಗಿ ಬಾಯಿ ಬಿಟ್ಟರೆ ನಾಳೆ ಗೇಟಿನಲ್ಲಿ ಒಬ್ಬೊಬ್ಬರ ಮುಖ ಹಿಡಿದು ನೋಡ್ತಾರೆ. ನಮ್ಮ ಸೊಸೆಯಂದಿರು ಎಲ್ಲಿಗೆ ಹೋಗಬೇಕು?”

“ನಿಮ್ಮ ಯಾರ ಹೆಸರೂ ನನ್ನ ಬಾಯಲ್ಲಿ ಬರಲ್ಲ.”

“ಕೇಳಿದರೆ? ಎಷ್ಟು ದಿನದಿಂದ ನಡೀತಿದೆ ಅಂತ ಕೇಳಿದರೆ?”

“ಜ್ವರ ಬಂದಿತ್ತು, ಆ ಒಂದು ದಿನ ತಂಗಿಯನ್ನ ಕಳಿಸಿದೆ ಅಂತೀನಿ. ಅಷ್ಟೇ.”

“ಸತ್ಯ ಹೇಳೋಕೆ ಹೋಗಿ ಸುಳ್ಳು ಹೇಳ್ತೀಯ?”

“ಎಷ್ಟು ಬೇಕೋ ಅಷ್ಟು ಸತ್ಯ ಹೇಳ್ತೀನಿ. ಉಳಿದದ್ದು ನಿಮ್ಮ ಅನ್ನ, ನಾನು ಮುಟ್ಟಲ್ಲ.”

ಗಿರಣಿ ಊಟದ ಡಬ್ಬಿ ಮುಚ್ಚಿದಳು. ಆ ದಿನ ಇಡೀ ಮಧ್ಯಾಹ್ನ ಯಾರೂ ಅವಳ ಹತ್ತಿರ ಸುಳಿಯಲಿಲ್ಲ. ಎದುರು ಮೂಲೆ ಹಿಡಿಯುವವಳು ಕೂಡ ಇವಳ ಮುಖ ನೋಡದೆ ಬಟ್ಟೆ ಉಣಿಸಿದಳು.

ಕಚೇರಿಯ ಕಿಟಕಿಯ ಹಿಂದೆ ಒಬ್ಬ ಗುಮಾಸ್ತೆ ಹೆಂಗಸು ಚಹಾದ ಲೋಟದ ಮೇಲೆ ತಟ್ಟೆ ಮುಚ್ಚಿಟ್ಟುಕೊಂಡು ಕೂತಿದ್ದಳು. ಗಂಜಿಯಕ್ಕ ನೇರವಾಗಿ ಹೇಳಿದಳು.

“ಈ ಕೂಸಿಗೆ ನಾನು ತಾಯಿಯಲ್ಲ.”

ಗುಮಾಸ್ತೆ ತಲೆ ಎತ್ತಿದಳು. “ನಾನೇ ತಾಯಿ, ನಾನೇ ತಾಯಿ ಅಂತ ಬರೋರನ್ನ ದಿನಾ ನೋಡ್ತೀನಿ. ಅಲ್ಲ ಅಂತ ಬಂದವಳು ನೀವೇ ಮೊದಲು. ಏನಾಯ್ತು, ಮನೆಯಲ್ಲಿ ಜಗಳವಾ?”

ಜ್ವರದ ದಿನ, ಅಂಗಿ, ಕಾರ್ಡು, ವ್ಯಾನು, ಎಲ್ಲ ಹೇಳಿದಳು. ಪಕ್ಕದಲ್ಲಿ ತಂಗಿ ಕೂಸನ್ನು ಎತ್ತಿಕೊಂಡು ತಲೆ ತಗ್ಗಿಸಿ ನಿಂತಿದ್ದಳು. ಗುಮಾಸ್ತೆ ಕೆಟ್ಟವಳಲ್ಲ. ಒಳಗೆ ಹೋಗಿ ಸಾಹೇಬರನ್ನು ಕೇಳಿ ಬಂದಳು. ಬಂದಾಗ ಅವಳ ದನಿ ತಗ್ಗಿತ್ತು.

“ಇವರು ಹೆತ್ತಿದ್ದಾರೆ ಅನ್ನೋದಕ್ಕೆ ಇವರನ್ನ ಪರೀಕ್ಷೆ ಮಾಡಿದರೆ ಸಾಕಾಗಲ್ವಂತೆ. ದಾಖಲೆ ನಿಮ್ಮ ಹೆಸರಲ್ಲಿ ಇರೋದರಿಂದ, ನೀವು ಹೆತ್ತಿಲ್ಲ ಅಂತ ಡಾಕ್ಟರು ಬರೆದು ಕೊಡಬೇಕಂತೆ. ಈಗ ಅಲ್ಲ, ಯಾವತ್ತೂ ಹೆತ್ತಿಲ್ಲ ಅಂತ.”

ತಂಗಿ ಥಟ್ಟನೆ ಅಕ್ಕನ ತೋಳು ಹಿಡಿದಳು. “ಬೇಡ ಅಕ್ಕ. ನಡಿ, ಹೋಗೋಣ.”

“ಎಲ್ಲಿ ಹೋಗಬೇಕು ಡಾಕ್ಟರ ಹತ್ತಿರ?” ಎಂದು ಗಂಜಿಯಕ್ಕ ಗುಮಾಸ್ತೆಯನ್ನೇ ಕೇಳಿದಳು.

ಆಸ್ಪತ್ರೆಯ ಪರೀಕ್ಷೆಯ ಮೇಜಿನ ಮೇಲೆ ಹಾಸಿದ್ದು ಅವರ ಕಾರ್ಖಾನೆಯದೇ ಬಟ್ಟೆ, ಅಂಚಿನಲ್ಲಿ ಅವರದೇ ನೀಲಿ ಗುರುತು. ಉಣಿಸಿದವಳ ಕೈ ಓರೆಯಾಗಿ ಒಂದು ಸುಕ್ಕು ಉಳಿದಿತ್ತು. ಮಲಗಿದಷ್ಟು ಹೊತ್ತೂ ಗಂಜಿಯಕ್ಕ ಆ ಸುಕ್ಕನ್ನು ಬೆರಳಿನಿಂದ ತೀಡುತ್ತಿದ್ದಳು. ಡಾಕ್ಟರಮ್ಮ ಕೆಲಸ ಮುಗಿಸಿ ಕೈ ತೊಳೆದುಕೊಂಡು, “ಕ್ಷಮಿಸಿ, ಇಂಥದ್ದನ್ನ ನಾನು ಬರೆದದ್ದಿಲ್ಲ” ಎಂದಳು. “ಬರೀರಿ. ಗೊತ್ತಿರೋ ವಿಷಯವೇ” ಎಂದಳು ಇವಳು. ಗಂಡ ಬಾಯಲ್ಲಿ ಹೇಳಿ ಹೋದದ್ದನ್ನು ಸರ್ಕಾರ ಬರೆದು, ಮೊಹರು ಹೊಡೆದು ಕೈಗೆ ಕೊಟ್ಟಿತು. ಆ ಕಾಗದವನ್ನು ಮಡಿಸಿ, ತಂಗಿಯ ಕೈಗೂ ಕೊಡದೆ, ತಾನೇ ಕಚೇರಿಯ ತನಕ ಹಿಡಿದುಕೊಂಡು ನಡೆದಳು. ಅವತ್ತೂ ಬೆನ್ನು ನೆಟ್ಟಗೇ ಇತ್ತು. ಅದೇ ದಾರಿಯಲ್ಲಿ, ಹೆಂಗಸರು ಕೂತಿದ್ದ ಅದೇ ರಸ್ತೆಯ ಅಂಚಿನಲ್ಲಿ ಒಂದು ಕಡೆ ನಿಂತು, ಫೋನು ತೆಗೆದು ಆ ಅಭಿನಂದನೆಯನ್ನು ಅಳಿಸಿದಳು.

ಮುಂದಿನದು ಎಲ್ಲರೂ ಊಹಿಸಿದಂತೆಯೇ ಆಯಿತು. ಹೆಸರು ಬದಲಾಗುವುದು ಮಂಜೂರಾಯಿತು. ಮೊದಲ ಕಂತು ತಪ್ಪು ಖಾತೆಗೆ ಹೋಗಿದೆ, ವಾಪಸು ಕಟ್ಟಬೇಕು ಎಂದು ನೋಟೀಸು ಬಂತು. ಹೆತ್ತವಳಿಗೆ ಅದನ್ನು ಮತ್ತೆ ಕೊಡಲು ಅರ್ಜಿಯ ಅವಧಿ ಮೀರಿದೆ, ಎರಡನೆಯ ಕಂತು ಮಾತ್ರ ಸಿಗುತ್ತದೆ ಎಂದೂ ಅದರಲ್ಲೇ ಇತ್ತು. ಕೊಡುವಾಗ ಉಗುರಿನಲ್ಲಿ ಕೊಟ್ಟು ಕಿತ್ತುಕೊಳ್ಳುವಾಗ ಬೊಗಸೆಯಲ್ಲಿ ಕಿತ್ತುಕೊಳ್ಳುವುದು ಸರ್ಕಾರಗಳಿಗೆ ಹೊಸದಲ್ಲ. ಕಾರ್ಖಾನೆಯಲ್ಲಿ ಮೇಸ್ತ್ರಿ ಅವಳ ಕಣ್ಣು ತಪ್ಪಿಸಿ ಕಾರ್ಡು ಕೇಳಿ ತೆಗೆದುಕೊಂಡ. “ಒಂದು ದಿನ ಅಂದೆಯಲ್ಲ, ಒಳ್ಳೇದು ಮಾಡಿದೆ” ಎಂದು ಪಿಸುಗುಟ್ಟಿದ. ಅವನ ಕೆಲಸವೂ ಅದರಲ್ಲೇ ಉಳಿದಿತ್ತು. ಗೇಟಿನಲ್ಲಿ ಮುಖ ಹಿಡಿದು ನೋಡುವುದು ಕೆಲವು ದಿನ ನಡೆದು ಹಾಗೇ ಸಡಿಲವಾಯಿತು. ಸೊಸೆಯಂದಿರು ಮರಳಿ ಬಂದರು.

ಗಂಜಿಯಕ್ಕನನ್ನು ಕಳಿಸಿಕೊಡಲು ಯಾರೂ ಗೇಟಿನ ತನಕ ಬರಲಿಲ್ಲ. ಕೆಲವು ವಾರ ಕಳೆದ ಮೇಲೆ ಗಿರಣಿ ಮನೆ ಬಾಗಿಲಿಗೆ ಬಂದು, ಒಳಗೆ ಬಾರದೆ ಹೊಸ್ತಿಲಲ್ಲೇ ನಿಂತು ಹೇಳಿದಳು. “ವಸತಿಗೃಹದ ಹಿಂದೆ ಒಂದು ಸಣ್ಣ ಒಗೆಯೋ ಅಂಗಡಿ ಇದೆ. ಇಸ್ತ್ರಿಗೆ ಜನ ಬೇಕಂತೆ. ಹಬೆ ಕಡಿಮೆ. ಸಂಬಳವೂ ಕಡಿಮೆ, ಮೊದಲೇ ಹೇಳ್ತೀನಿ. ನಿನ್ನ ಸೊಕ್ಕಿಗೆ ಸರಿಹೋಗುತ್ತೋ ಇಲ್ವೋ.”

“ಬಂದು ಕೂತ್ಕೋ, ಚಹಾ ಕುಡಿ.”

“ಕೂತ್ಕೊಳ್ಳೋಕೆ ಬಂದಿಲ್ಲ” ಎಂದು ಗಿರಣಿ ಕೂತಳು.

ಆ ಅಂಗಡಿಯಲ್ಲಿ ಕಾರ್ಡು ಇರಲಿಲ್ಲ, ರಜೆ ಇರಲಿಲ್ಲ, ಹಾಜರಿ ಕೂಗುವವರೂ ಇರಲಿಲ್ಲ. ಏಣಿ ಬೆಳಗಿನ ಕೆಲಸದ ಜೊತೆ ಸಂಜೆಯದೂ ಹಿಡಿದ. ಮುನಿಸು ಪೂರ್ತಿ ಹೋಗಿರಲಿಲ್ಲ, ಆದರೆ ಕಾಲು ಮಡಿಸಿ ಕೂರುವುದನ್ನು ಕಲಿತ.

ಹೊಸ ಹೆಸರು ದಾಖಲೆಗೆ ಏರಿದ ಮೇಲೆ ಅವರಿಬ್ಬರೂ ಮುಂದಿನ ಚುಚ್ಚುಮದ್ದಿಗೆ ಮತ್ತೆ ಆ ಆರೋಗ್ಯ ಕೇಂದ್ರಕ್ಕೆ ಹೋದರು. ಬೆಂಚಿನ ಮೇಲೆ ತಾಯಂದಿರ ಸಾಲು. ಅದೇ ದಪ್ಪಗಿನ ದಾದಿ ಹೆಸರು ಕೂಗಿದಳು. ಯಾರೂ ಏಳಲಿಲ್ಲ. ಮತ್ತೆ ಕೂಗಿದಳು. ತಂಗಿ ಕೂಸಿನ ಬೆನ್ನು ತಟ್ಟುತ್ತ ಬೇರೆಲ್ಲೋ ನೋಡುತ್ತಿದ್ದಳು. ಗಂಜಿಯಕ್ಕ ಮೊಣಕೈಯಿಂದ ತಿವಿದಳು.

“ಏ, ನಿನ್ನನ್ನೇ ಕಣೇ ಕರೀತಿರೋದು.”

ತಂಗಿ ಬೆಚ್ಚಿ ಎದ್ದಳು. ಯಾವುದೇ ಸಾಲಿನಲ್ಲಿ ತನ್ನ ಹೆಸರು ಕೇಳಿ ಅವಳಿಗೆ ವರ್ಷಗಳಾಗಿದ್ದವು. ಒಳಗೆ ಹೋಗಿ ಬೆರಳಿಟ್ಟಳು. ಯಂತ್ರ ಕುಂಯ್ ಎಂದಿತು. “ಇನ್ನೊಂದು ಸಲ” ಎಂದಳು ದಾದಿ. ಮತ್ತೆ ಕುಂಯ್. ತಂಗಿಯ ಮುಖ ಬಿಳಚಿಕೊಂಡಿತು.

“ಎಡಗೈದು ಇಡು” ಎಂದಳು ಗಂಜಿಯಕ್ಕ ಬಾಗಿಲಿನಿಂದಲೇ. “ಬಲಗೈಯನ್ನ ರೋಲರು ತಿಂದಿದೆ.”

ಎಡಗೈ ಹೆಬ್ಬೆರಳನ್ನು ಯಂತ್ರ ಒಪ್ಪಿತು. ದಾದಿ ತಲೆ ಎತ್ತಿ ಬಾಗಿಲ ಕಡೆ ನೋಡಿದಳು. ಗುರುತು ಸಿಕ್ಕಿತೋ ಇಲ್ಲವೋ, ಮುಖದಲ್ಲಿ ತೋರಗೊಡಲಿಲ್ಲ.

“ನೀವು ಕೂಸಿಗೆ ಏನಾಗಬೇಕು?”

“ದೊಡ್ಡಮ್ಮ.”

“ಜಾಗ ಇಲ್ಲಮ್ಮ, ತಾಯಂದಿರಿಗೇ ಸಾಲದು. ಹೊರಗೆ ನಿಂತಿರಿ.”

ಗಂಜಿಯಕ್ಕ ಹೊರಗೆ ಬಂದು ಕೆಟ್ಟ ನಲ್ಲಿಯ ಪಕ್ಕದ ಅರೆಗೋಡೆಗೆ ಒರಗಿ ನಿಂತಳು. ಒಳಗೆ ಸೂಜಿ ಬಿತ್ತು, ಕೂಸು ಕಿರುಚಿತು, ಪರದೆ ಸರಿದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಅಳು ನಿಂತಿತು. ಅವಳು ಕೆಮ್ಮಿದಳು, ನೆಲಕ್ಕೆ ಉಗುಳಿದಳು. ಇಸ್ತ್ರಿ ಅಂಗಡಿಗೆ ಹೊತ್ತಾಗುತ್ತಿತ್ತು. ಆದರೂ ತಂಗಿ ಹೊರಗೆ ಬರುವ ತನಕ ಅಲ್ಲೇ ನಿಂತಿದ್ದಳು.